ಶುಕ್ರವಾರ ತೊಳೆದ ಯುಗ

ಧೂಳು ಒರೆಸುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ದೇವರು ಮನ್ನಿಸಲಿ. ಉರಿಗಾಂನಲ್ಲಿ ಮನೆ ನಡೆಸುವ ಯಾವ ಹೆಂಗಸಿಗೆ ಅದಿಲ್ಲ? ಗಣಿ ನಿಂತು ವರ್ಷಗಳಾದವು; ಚಿನ್ನ ತೆಗೆದು ಎಸೆದ ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಹಾಗೇ ಇವೆ. ಗಾಳಿ ಎದ್ದರೆ ನೇರವಾಗಿ ನಮ್ಮ ಅಡುಗೆಮನೆಗೇ ಬರುತ್ತವೆ. ಮಳೆ ಹನಿದ ದಿನ ನನಗೆ ರಜೆ. ಅಷ್ಟು ದಯೆ ಭಗವಂತನದು.

ಮೊನ್ನೆ ಶುಕ್ರವಾರ ದೇವರ ಸಾಮಾನು ಬೆಳಗುವಾಗ, ಕಿಟಕಿಯಲ್ಲಿ ಧೂಳು ತುಂಬಿಕೊಂಡು ಕೂತಿದ್ದ ಗಾಜಿನ ಬಾಟಲಿಯನ್ನೂ ತಿಕ್ಕಿಬಿಟ್ಟೆ. ಸಂಜೆ ಬಂಗಾರಪೇಟೆಯ ಕಾಲೇಜಿನಿಂದ ರೈಲಿನಲ್ಲಿ ಬಂದ ಮಗಳು ಸುಮ, “ಅಮ್ಮಾ, ನನ್ನ ಬಾಟ್ಲು ಎಲ್ಲಿ?” ಎಂದಳು.

“ತೊಳ್ದು ಕವುಚಿದೀನಿ. ನೋಡು, ಎಂಗೆ ಪಳಪಳ ಅಂತೈತೆ!”

“ಅಯ್ಯೋ, ಅದು ನನ್ನ ಪ್ರಾಜೆಕ್ಟು ಕಣಮ್ಮಾ! ಯುಗಾದಿಯಿಂದ ಧೂಳು ಕೂಡಾಕಿದ್ದೆ. ನಾಳೆ ತೋರಿಸ್ದಿದ್ರೆ ಮಾರ್ಕ್ಸೇ ಇಲ್ಲ!”

ಅಳುತ್ತಲೇ ವಿವರಿಸಿದಳು. ಭೂಮಿಯ ಒಂದೊಂದು ಕಾಲವೂ ಕಲ್ಲಿನಲ್ಲಿ ಒಂದೊಂದು ಪದರವಂತೆ. ಈಗ ಮನುಷ್ಯನೇ ನೆಲ ಬಗೆದು, ದಿಬ್ಬ ಎಬ್ಬಿಸಿ, ಹೊಗೆ ಬಿಟ್ಟು ತನ್ನದೊಂದು ಪದರ ಸೇರಿಸುತ್ತಿದ್ದಾನೆ. ಇದಕ್ಕೆ ಮಾನವಯುಗ ಎಂದು ಹೆಸರಿಡಬೇಕೇ ಬೇಡವೇ ಎಂದು ವಿಜ್ಞಾನಿಗಳಲ್ಲೇ ವಾದವಂತೆ. ನನ್ನ ಮೈ ಜುಮ್ಮೆಂದಿತು. ಪರಮಾತ್ಮ ಕೋಟಿ ಕೋಟಿ ವರ್ಷದಿಂದ ಬರೆಯುತ್ತಿರುವ ಪುಸ್ತಕದಲ್ಲಿ ನಮ್ಮದೂ ಒಂದು ಗೆರೆಯೇ? ಎಂದೋ ಯಾರೋ ಕಲ್ಲು ಸೀಳಿದರೆ ನಮ್ಮ ಗಣಿಯ ಪುಡಿಯ ಜೊತೆ ನನ್ನ ದೀಪದ ಮಸಿಯೂ ಸಿಕ್ಕೀತೇ? ಕೈ ಮುಗಿಯಬೇಕೋ ಕೆನ್ನೆ ಬಡಿದುಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮತ್ತೆ, “ಅಳಬ್ಯಾಡ ಮಗಾ. ಆ ವೆಂಕಟರಮಣನ ಪಟ ಇಳಿಸಿ ಇಂದ್ಗಡೆ ನೋಡು. ನಿಮ್ಮಮ್ಮ ಮದುವೆ ಆಗಿ ಬಂದಾಗಿಂದ ಮುಂದ್ಗಡೆ ಮಾತ್ರ ಒರೆಸ್ತಾಳೆ” ಎಂದರು.

ಇಳಿಸಿದರೆ, ಚೌಕಟ್ಟಿನ ಸಂದಿನಲ್ಲಿ ಬೆರಳುದಪ್ಪ ಧೂಳು! ದೀಪದ ಜಿಡ್ಡಿಗೆ ಗಟ್ಟಿಯಾಗಿ, ದಿಬ್ಬದ ಬಿಳಿ, ಊದುಬತ್ತಿಯ ಬೂದಿ, ಕರ್ಪೂರದ ಕಪ್ಪು ಎಲ್ಲ ಗೆರೆ ಗೆರೆಯಾಗಿ ಕೂತಿದೆ. ನಾನು ನಾಚಿಕೆಯಿಂದ ಬಟ್ಟೆ ಎತ್ತಿಕೊಂಡೆ.

“ಮುಟ್ಟಬ್ಯಾಡ!” ಸುಮ ಕಿರುಚಿದಳು. “ಬಾಟ್ಲಾಗೆ ಇದ್ದಿದ್ದು ಏನೂ ಅಲ್ಲ, ಇದು ಬಂಗಾರ ಕಣಮ್ಮಾ!”

ಚಾಕುವಿನಿಂದ ಮೈಸೂರುಪಾಕಿನಂತೆ ಒಂದು ತುಂಡು ಕುಯ್ದು ಒಯ್ದಳು. ಮೇಷ್ಟರು ಬಹಳ ಮೆಚ್ಚಿ, ಕಾಲೇಜಿನ ಗಾಜಿನ ಬೀರುವಿನಲ್ಲಿ ಇಟ್ಟಿದ್ದಾರಂತೆ. ಪಕ್ಕದಲ್ಲೇ ಸುಮಳ ದುಂಡು ಅಕ್ಷರದ ಚೀಟಿ: “ಸ್ಥಳ: ನಮ್ಮ ದೇವರ ಮನೆ. ಕಾಲ: ಅಮ್ಮನ ಮದುವೆಯಿಂದ ಇಂದಿನವರೆಗೆ.”

ಭೂಮಿಯ ಪುಸ್ತಕದಲ್ಲಿ ನನ್ನ ಗೆರೆಯನ್ನು ಓದಲು ಲಕ್ಷಾಂತರ ವರ್ಷ ಬೇಕಾಗುತ್ತದೆ ಎಂದುಕೊಂಡಿದ್ದೆ. ಈಗಾಗಲೇ ಎರಡು ತರಗತಿಯವರು ಓದಿ ಮುಗಿಸಿದ್ದಾರೆ.