ಹುಳದ ಮನೆಗೆ ಬಂದ ಪರದೇಶದ ನೆಂಟರು

ರೇಷ್ಮೆ ಹುಳ ಸಾಕುವ ಮನೆಗೆ ನೆಂಟರು ಯಾವಾಗ ಬರ್ತಾರೆ ಅಂದರೆ, ಕಣ್ಣು ಮುಚ್ಚಿಕೊಂಡು ಹೇಳ್ತೀನಿ: ಹುಳ ಗೂಡು ಕಟ್ಟೋಕೆ ಮುಂಚಿನ ವಾರ. ಮನೆತುಂಬ ಹುಳದ ತಟ್ಟೆ, ಕಾಲಿಡೋಕೆ ಜಾಗ ಇರಲ್ಲ, ಆವಾಗಲೇ ಬಾಗಿಲಲ್ಲಿ "ಅಕ್ಕಾ" ಅಂತ ದನಿ. ಎಂಬತ್ತನೇ ಇಸವಿ ಆಚೀಚೆ ಒಂದು ಸಲ ಬಂದವರಂತೂ ಸಮುದ್ರ ದಾಟಿಕೊಂಡೇ ಬಂದರು.

ಸ್ನಾನ

ವಕ್ಕಲೇರಿ ಪಕ್ಕದ ನಮ್ಮೂರಿನ ಇಸ್ಕೂಲಿಗೆ ಒಂದು ಕೋಣೆ ಕಟ್ಟಿಕೊಡೋಕೆ ಅಂತ ಪರದೇಶದ ಕಾಲೇಜು ಹುಡುಗ ಹುಡುಗಿಯರು ಬಂದರು. ಪುಗಸಟ್ಟೆ ಕೆಲಸ ಮಾಡೋದು, ಹಂಗೇ ದೇಶ ನೋಡಿಕೊಂಡು ಹೋಗೋದಂತೆ. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಹೇಳೋಕೆ ಕೋಲಾರದ ಕಾಲೇಜಿನ ಮೇಷ್ಟ್ರೊಬ್ಬರು ಜೊತೆಗಿದ್ದರು. ಊಟ, ವಸತಿ ನಮ್ಮನೇಲಿ ಅಂತ ನಮ್ಮ ಯಜಮಾನರು ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದರು.

ಅಂಗಳಕ್ಕೆ ಬಂದರು ನೋಡಿ, ಮೈಯೆಲ್ಲ ಸೊಳ್ಳೆ ಮುಲಾಮಿನ ಘಾಟು! ಆ ಸಲದ ಗೂಡು ಕೈಗೆ ಬಂದರೆ ಮಗಳ ಮದುವೆ, ಇಲ್ಲದಿದ್ದರೆ ಇಲ್ಲ. ಹೋಗಿ ಬಾಗಿಲಿಗೆ ಅಡ್ಡ ಕೂತುಬಿಟ್ಟೆ.

"ಮೇಷ್ಟ್ರೇ, ಸೊಳ್ಳೆ ಓಡಿಸೋ ಘಾಟಿಗೆ ನನ್ನ ಹುಳ ಉಳೀತವಾ? ತೊಳಕೊಂಡು ಬರಕ್ಕೆ ಹೇಳಿ."

ಬಂದ ಅತಿಥಿಗಳಿಗೆ "ನೀವು ನಾರ್ತೀರಿ" ಅನ್ನೋಕೆ ಮೇಷ್ಟ್ರಿಗೆ ಬಾಯಿ ಬರಲಿಲ್ಲ. ನಮ್ಮ ಸೀಮೆಯಲ್ಲಿ ಹೊರಗಿಂದ ಬಂದವರ ತಲೆ ಮೇಲೆ ನೀರು ಹುಯ್ದು ಒಳಗೆ ಕರೆಯೋದು ದೊಡ್ಡ ಮರ್ಯಾದೆ ಅಂತ ಹೇಳಿಬಿಟ್ಟರು. ಅವರಿಗೋ ಖುಷಿಯೋ ಖುಷಿ. ಬೀದಿ ಬಾಗಿಲು ದಾಟಿ ಬಂದರೂ ಸ್ನಾನ, ಹಸು ನೋಡಿಕೊಂಡು ಬಂದರೂ ಸ್ನಾನ.

ಯಜಮಾನರು ತೊಟ್ಟಿಗೆ ನೀರು ಸೇದಿ ಸೇದಿ ಸುಸ್ತಾಗಿ ಕೇಳಿದರು: "ಏನೇ, ಇವರು ಗೋಡೆ ಕಟ್ಟೋಕೆ ಬಂದವರಾ, ತೀರ್ಥಯಾತ್ರೆಗೆ ಬಂದವರಾ?"

ಮುದ್ದೆ

ಅವರಲ್ಲಿ ಒಬ್ಬ ಉದ್ದನೆ ಹುಡುಗ. ಬಡಿಸಿದ್ದನ್ನ ಬಿಟ್ಟರೆ ಅವರ ಕಡೆ ಅವಮಾನವಂತೆ. ಉಣ್ಣೋರ ಎಲೆ ಬರಿದಾದರೆ ನಮ್ಮ ಕಡೆ ಅವಮಾನ. ಅವನು ಎಲೆ ಖಾಲಿ ಮಾಡಿದ, ನಾನು ಮುದ್ದೆ ಹಾಕಿದೆ. ಮತ್ತೆ ಖಾಲಿ ಮಾಡಿದ, ಮತ್ತೆ ಹಾಕಿದೆ. ಆಮೇಲೆ ನೋಡ್ತೀನಿ, ಅವನ ಕಣ್ಣಲ್ಲಿ ನೀರು. ಪಾಪ, ಹೆತ್ತ ತಾಯಿ ನೆನಪಾಗಿರಬೇಕು ಅಂತ ಇನ್ನೊಂದು ಹಾಕಿದೆ.

"ನಾಳೆಯಿಂದ ಎಲೆಯಲ್ಲಿ ಸ್ವಲ್ಪ ಬಿಡಪ್ಪಾ" ಅಂತ ಮೇಷ್ಟ್ರು ಗುಟ್ಟಾಗಿ ಹೇಳಿಕೊಟ್ಟರು. ಮರುದಿನ ಬಿಟ್ಟ. "ಯಾಕಪ್ಪಾ, ಸಾರು ಸೇರಲಿಲ್ವಾ?" ಅಂತ ಕೇಳಿ, ಬೇರೆ ಸಾರು ಕಾಯಿಸಿ, ಅದರ ಜೊತೆ ಬಿಸಿ ಮುದ್ದೆ ಹಾಕಿದೆ. ನಮ್ಮನೇಲಿ ಉಂಡು ಏಳೋ ದಾರಿ ಆ ಹುಡುಗನಿಗೆ ಕೊನೇವರೆಗೂ ಸಿಗಲಿಲ್ಲ.

ಸೊಪ್ಪು

ಗೂಡು ಕಟ್ಟೋ ಮುಂಚೆ ಹುಳ ತಿನ್ನೋದು ನೋಡಬೇಕು, ಹಾಕಿದ ಸೊಪ್ಪು ಹಾಕಿದಂಗೇ ಮಾಯ. ಕುಯ್ಯೋಕೆ ಆಳು ಸಿಗಲಿಲ್ಲ. ಗೋಡೆ ಕೆಲಸ ಬಿಟ್ಟು ಹುಡುಗಿಯರೇ ಹಿಪ್ಪುನೇರಳೆ ತೋಟಕ್ಕೆ ಇಳಿದು ಹೊರೆಗಟ್ಟಲೆ ತಂದರು. ಹೊಟ್ಟೆ ತಣ್ಣಗಿರಲಿ ಅಂತ ಹರಸಿ ಹಿತ್ತಲಿಗೆ ಹೋಗಿ ಬರ್ತೀನಿ, ಎಲೆಗೆ ಧೂಳಿದೆ ಅಂತ ಅಷ್ಟನ್ನೂ ತೊಟ್ಟೀಲಿ ಅದ್ದಿ ತೊಳೆದು ಇಟ್ಟವ್ರೆ!

ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ. "ಅಯ್ಯೋ ಮುಂಡೇವಾ, ನನ್ನ ಮಗಳ ಮದುವೆ ತೊಳೆದುಬಿಟ್ರಲ್ರೇ!" ಅಂತ ಕಿರುಚಿದೆ. ಮೇಷ್ಟ್ರು ಅದನ್ನೂ ಮರ್ಯಾದೆಯಾಗೇ ತಿರುಗಿಸಿ ಹೇಳಿದರು ಅಂತ ಕಾಣ್ತದೆ, ಹುಡುಗಿಯರು ನಗ್ತಾ ನನಗೆ ಕೈ ಮುಗಿದರು.

ಆಮೇಲೆ ಇಡೀ ಬೀದಿಯ ಹೆಂಗಸರು ಹಳೇ ಸೀರೆ, ಪಂಚೆ ತಂದು, ಅವರ ಜೊತೆ ಕೂತು ಒಂದೊಂದೇ ಎಲೆ ಒರೆಸಿದರು. ಪಕ್ಕದ ಮನೆಯವಳು ನಿಟ್ಟುಸಿರು ಬಿಟ್ಟಳು: "ಹೆತ್ತ ಮಕ್ಕಳನ್ನೂ ನಾನು ಹಿಂಗೆ ಒರೆಸಿಲ್ಲ ಕಣಕ್ಕಾ."

ಬೀಗರು

ಅಂತೂ ಹುಳ ಗೂಡು ಕಟ್ಟೋಕೆ ಶುರುಮಾಡಿತು. ಆ ದಿನವೇ ಗೌನಿಪಲ್ಲಿಯಿಂದ ಬೀಗರಾಗಬೇಕಾದವರು, ಗಂಡಿನ ತಂದೆ, ಹೇಳದೆ ಕೇಳದೆ ಬಂದರು, ಲಗ್ನ ಗೊತ್ತುಮಾಡೋಕೆ. ಮಾವಿನ ತೋಪಿನ ಯಜಮಾನರು. ಗರಿಗರಿ ಪಂಚೆ, ಹೆಗಲ ಮೇಲೆ ಜರಿ ಶಲ್ಯ, ಕಿವಿಯಲ್ಲಿ ಅತ್ತರಿನ ಹತ್ತಿ. ನಾನು ಹಿತ್ತಲಲ್ಲಿದ್ದೆ. ಬಾಗಿಲಲ್ಲಿ ಇದ್ದವನು ಆ ಉದ್ದನೆ ಹುಡುಗ.

ಕೈ ಮುಗಿದನಂತೆ. ಶಲ್ಯ ಇಸಕೊಂಡನಂತೆ. ಕೈ ಹಿಡಿದು, ಮೆತ್ತಗೆ ನಡೆಸಿಕೊಂಡು ಹೋಗಿ, ತೊಟ್ಟಿ ಪಕ್ಕದ ಕಲ್ಲಿನ ಮೇಲೆ ಕೂರಿಸಿದನಂತೆ. ನಾನು ಬರೋ ಹೊತ್ತಿಗೆ ಎರಡನೇ ಕೊಡ ತಲೆ ಮೇಲೆ ಸುರೀತಿತ್ತು.

"ಇದೇಮಮ್ಮಾ ಇದಿ, ಏನಿದು?" ಅಂದರು ಬೀಗರು ತೆಲುಗು ಬೆರೆಸಿ, ಮೀಸೆಯಿಂದ ನೀರು ತೊಟ್ಟಿಕ್ಕುತ್ತಾ.

ಕದದ ಹಿಂದಿನಿಂದ ಮಗಳು ಕಿಸಕ್ ಅಂತ ನಕ್ಕಳು. ಮುಗೀತು ಮದುವೆ ಅಂದುಕೊಂಡು, ಮುಲಾಮು, ಮೇಷ್ಟ್ರು, ಹುಳ ಎಲ್ಲ ಒಂದೇ ಉಸಿರಲ್ಲಿ ಹೇಳಿ ಕಾಲಿಗೆ ಬೀಳೋಕೆ ಹೋದೆ. ಅವರು ಒದ್ದೆ ಪಂಚೇಲೇ ಒಳಗೆ ಬಂದು, ಚಂದ್ರಿಕೆ ಅನ್ನೋ ಬಿದಿರು ತಟ್ಟಿ ತುಂಬ ಹುಳ ನೂಲು ಸುತ್ತೋದನ್ನ ನಿಂತು ನೋಡಿದರು.

"ಹುಳಾನೇ ಇಷ್ಟು ಜೋಪಾನ ಮಾಡೋರು, ಹೆಣ್ಣನ್ನ ಹೆಂಗೆ ಸಾಕಿರ್ತೀರಮ್ಮಾ," ಅಂದರು. "ಲಗ್ನ ಬರೆಸಿ. ಮೊದಲು ಒಂದು ಒಣ ಪಂಚೆ ಕೊಡಿ."

ಗೂಡು ಚೆನ್ನಾಗಿ ಬಂತು. ಇಸ್ಕೂಲ್ ಕೋಣೆನೂ ಎದ್ದಿತು. ಪರದೇಶದವರು ಹೋದ ಮೇಲೆ ಮದುವೆ. ಗಂಡಿನ ಕಡೆಯವರ ಬಸ್ಸು ಬಂದು ನಿಂತಿತು. ನಾವು ಆರತಿ ತಟ್ಟೆ ಹಿಡಿದು ಕಾಯ್ತಾ ಇದ್ದರೆ, ಬೀಗರು ಎಲ್ಲರಿಗಿಂತ ಮುಂದೆ ಬಂದರು. ಹೊಸ ಅಂಗಿ ಬಿಚ್ಚಿ ನನ್ನ ಪಕ್ಕ ನಿಂತಿದ್ದ ನಮ್ಮ ಯಜಮಾನರ ಕೈಗೆ ಕೊಟ್ಟು, ನೆಟ್ಟಗೆ ಹೋಗಿ ತೊಟ್ಟಿ ಪಕ್ಕದ ಕಲ್ಲಿನ ಮೇಲೆ ಕೂತು ಕೂಗಿದರು:

"ಹುಯ್ಯಮ್ಮಾ! ಮರ್ಯಾದೆ ಇಲ್ಲದೆ ನಾನು ಒಳಗೆ ಬರಲ್ಲ."