ನಿಮ್ಮ ಅಜ್ಜನ ದೂರ ಅಳೆಯುವ ದುರ್ಬೀನು

ಗೌರಿ, ಮಲ್ಲು, ನಿಮ್ಮ ಅಜ್ಜ ನಮ್ಮ ಸೀಮೆಗೇ ದೊಡ್ಡ ಬೇಟೆಗಾರರಾಗಿದ್ದರು. ಸುಳ್ಳಲ್ಲ. ಗೋಡೆಗೆ ಅವರಪ್ಪನ ಬಂದೂಕು ಇತ್ತು, ಸೊಂಟಕ್ಕೆ ಕಾಡತೂಸಿನ ಪಟ್ಟಿ ಇತ್ತು, ಹೊಲದಲ್ಲಿ ಅಟ್ಟಣಿಗೆ ಇತ್ತು, ಅದಕ್ಕೆಲ್ಲ ಒಪ್ಪುವಂಥ ಮೀಸೆಯೂ ಇತ್ತು. ಅವರ ಕೈಯಲ್ಲಿ ಸತ್ತ ಪ್ರಾಣಿ ಒಂದೂ ಇರಲಿಲ್ಲ, ಅಷ್ಟೇ. ಇಷ್ಟು ಸಣ್ಣ ಕೊರತೆಗೆ ಬೇಟೆಗಾರನಲ್ಲ ಎನ್ನಲಾದೀತೇ?

ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಈಗ ಬರೆಯುವುದಕ್ಕೂ ಕೈ ಏಳುವುದಿಲ್ಲ. ಅಜ್ಜ ಎಂದರೆ ನಿಮಗೆ ತಿಳಿಯುತ್ತದೆ, ಸಾಕು.

ನಮ್ಮದು ಲಿಂಗ ಕಟ್ಟಿದ ಮನೆ. ತತ್ತಿ ಮಾರುವವನು ಹೊಲದ ಹಾದಿಯಲ್ಲಿ ಹಾದುಹೋದರೂ ನಿಮ್ಮ ಮುತ್ತಜ್ಜಿ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಅಂಥ ಮನೆಗೆ ಬಂದೂಕು ಯಾಕೆ ಬೇಕು? ಬೆಳೆ ಕಾಯಲು. ಸಿರಸಂಗಿಯ ಈಚೆ ಗುಡ್ಡದ ಬುಡಕ್ಕೆ ನಮ್ಮ ಹೊಲ, ಹೊಲದಲ್ಲೇ ನಮ್ಮ ಮನೆ. ಗೋವಿನಜೋಳದ ತೆನೆಗೆ ಹಾಲು ತುಂಬಿತೆಂದರೆ ಗುಡ್ಡದ ಕಾಡುಹಂದಿಗಳಿಗೆ ಯಾರು ಕಾಗದ ಬರೆಯುತ್ತಿದ್ದರೋ ಏನೋ, ಮಕ್ಕಳುಮರಿ ಕಟ್ಟಿಕೊಂಡು ಬಂದುಬಿಡುತ್ತಿದ್ದವು. ಬೆಳಗಾದರೆ ಹೊಲದಲ್ಲಿ ಕುಂಟೆ ಹೊಡೆದ ಹಾಗಿರುತ್ತಿತ್ತು. ಅದಕ್ಕೇ ಸರಕಾರ ನಿಮ್ಮ ಮುತ್ತಜ್ಜನಿಗೆ ಲೈಸನ್ಸು ಕೊಟ್ಟಿತ್ತು. ಆಮೇಲೆ ಅದು ನಿಮ್ಮ ಅಜ್ಜನ ಹೆಸರಿಗೆ ಬಂತು.

ಅಜ್ಜನದು ಒಂದು ನಿಯಮ. ಹಂದಿ ಬಂದೂಕಿನ ಅಳತೆಯೊಳಗೆ, ಅಂದರೆ ನಲವತ್ತು ಮೀಟರಿನೊಳಗೆ ಬಂದರೆ ಮಾತ್ರ ಗುಂಡು. ಅದಕ್ಕಿಂತ ದೂರದಿಂದ ಹೊಡೆದರೆ ಅದು ಸಾಯುವುದಿಲ್ಲ, ಗಾಯ ಹೊತ್ತು ನರಳುತ್ತದೆ, ಮನುಷ್ಯರ ಮೇಲೆ ಬೀಳುತ್ತದೆ. ನಿಯಮವೇನೋ ಚೆನ್ನಾಗಿತ್ತು. ಆದರೆ ಅವರು ಅಟ್ಟಣಿಗೆ ಹತ್ತಿದ ದಿನ ಯಾವ ಹಂದಿಯೂ ಆ ಅಳತೆಯೊಳಗೆ ಬರುತ್ತಿರಲಿಲ್ಲವಲ್ಲ! ಇಳಿದು ಬಂದು, ಕಾಲು ತೊಳೆದುಕೊಂಡು, "ದೂರ ಆತು" ಎನ್ನುವರು. ಹಂದಿಯೊಂದು ಪಕ್ಕದಲ್ಲೇ ಕುಳಿತು ಅವರ ತಾಟಿನ ರೊಟ್ಟಿ ಮುರಿದುಕೊಂಡಿದ್ದರೂ "ಒಂದ ಗೇಣ ದೂರ ಆತು" ಎಂದೇ ಎದ್ದು ಬರುತ್ತಿದ್ದರು.

ನಮ್ಮ ಬದುವಿನ ಆಚೆಗೆ ದಸ್ತಗೀರಸಾಬನ ಹೊಲ. ಅಜ್ಜನ ವಾರಿಗೆಯವನು, ಗೆಳೆಯ. ಅವನಿಗೆ ಬಂದೂಕಿರಲಿಲ್ಲ, ನಾಲಿಗೆ ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಸುಗ್ಗಿಯಲ್ಲಿ ಅವನ ಗೋವಿನಜೋಳ ಪೂರ್ತಿ ಮಲಗಿತು. ಅಕ್ಕಪಕ್ಕದ ಹೊಲದವರನ್ನು ಕರೆದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಗೌಡ್ರ, ನಿಮ್ಮ ಬಂದೂಕಿಗೆ ಹಂದಿ ಅಂಜಾಂಗಿಲ್ಲ, ಜಾಡ ಅಷ್ಟ ಅಂಜತಾವು" ಎಂದ. ಜಾಡ ಎಂದರೆ ಜೇಡ. "ಅದರೊಳಗ ಮನಿ ಕಟ್ಟ್ಯಾವು, ಹೊಡದ್ರ ಮುರದಾವು ಅಂತ. ಮುಂದಿನ ಸುಗ್ಗಿಯೊಳಗ ಒಂದರ ಕೆಡವ್ರಿ. ಇಲ್ಲಾಂದ್ರ ಲೈಸನ್ಸ್ ಬಿಟ್ಟ ಕೊಡ್ರಿ, ಹೊಡ್ಯಾವ್ರು ಯಾರರ ಮಾಡಿಸ್ಕೋತಾರ."

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಅಪ್ಪನ ಬಂದೂಕು ಮನೆಯಲ್ಲಿ ಉಳಿಯಬೇಕಾದರೆ ಒಂದು ಜೀವ ತೆಗೆಯಬೇಕು. ತೆಗೆಯದಿದ್ದರೆ ಬಂದೂಕು ಹೋಗಬೇಕು. ಅವರ ಮುಖ ಬತ್ತಿದ್ದು ಬಾಗಿಲ ಸಂದಿಯಿಂದಲೂ ಕಾಣಿಸಿತು. "ನಾ ಹೊಡ್ಯಾಂವನ. ಆದ್ರ ದೂರ ಎಷ್ಟಂತ ಬರೊಬ್ಬರಿ ತಿಳೀಬೇಕಲ್ಲ" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಮಾತು ತಣ್ಣಗಾಗುತ್ತಿತ್ತು. ಆದರೆ ಮಿಲ್ಟ್ರಿಯಲ್ಲಿದ್ದ ನನ್ನ ತಮ್ಮ ಸೂಟಿಗೆ, ಅಂದರೆ ರಜೆಗೆ, ಬಂದವನು ಅಲ್ಲೇ ಚಹಾ ಕುಡಿಯುತ್ತಿದ್ದ. ಬಸಿಯಿಂದ ಬಾಯಿ ತೆಗೆದು, "ಮಾಮಾ, ದೂರ ಅಳಿಯಾಕ ದುರ್ಬೀನ ಬಂದಾವು. ಗುಂಡಿ ಒತ್ತಿದ್ರ ಕಣ್ಣಿಗೆ ಕಾಣದ ಬೆಳಕ ಹೋಗಿ ಹಂದಿಗೆ ಬಡದ ವಾಪಸ್ ಬರತೈತಿ, ಇಷ್ಟ ಮೀಟರ್ ಅಂತ ಒಳಗ ಅಂಕಿ ಮೂಡತೈತಿ" ಎಂದುಬಿಟ್ಟ. ಲೇಸರು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದು. ಪುಣೆಯಲ್ಲಿ ಅವನ ಪರಿಚಯದವನೊಬ್ಬ ಪರದೇಶದಿಂದ ಅಂಥವನ್ನು ತರಿಸಿ ಮಾರುತ್ತಿದ್ದನಂತೆ. ನೋಡಿ, ಮನಸ್ಸಿಗೆ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತಿರುಗಿಸಬಹುದಂತೆ.

ಕಟ್ಟೆಯವರೆಲ್ಲ ಅಜ್ಜನ ಮುಖ ನೋಡಿದರು. ಅವರು ಮೀಸೆ ತಿರುವಿ, "ತರಿಸು. ಆದ್ರ ನಾ ಆರಿಸಾಂವ" ಎಂದರು.

ಆರಿಸಿದರು ನೋಡಿ! ನನ್ನನ್ನು ನೋಡಲು ಬಂದಾಗ ಚಹಾ ಆರುವ ಮೊದಲೇ ಒಪ್ಪಿಕೊಂಡು ಎದ್ದವರು, ಈ ಯಂತ್ರವನ್ನು ಒಪ್ಪಲು ಮುಂಗಾರು ಹಿಂಗಾರು ಎರಡೂ ತೆಗೆದುಕೊಂಡರು.

ಮೊದಲು ಬಂದದ್ದು ಇಟ್ಟಂಗಿಯಷ್ಟು ಭಾರ. ಕೊರಳಿಗೆ ಹಾಕಿಕೊಂಡರೆ ತುಡುಗು ದನಕ್ಕೆ ಕೊರಡು ಕಟ್ಟಿದ ಹಾಗೆ ಕಾಣುತ್ತಿದ್ದರು. ಅಟ್ಟಣಿಗೆ ಹತ್ತಿ ಹೊಲದ ಮೂಲೆಯ ಬನ್ನಿ ಮರಕ್ಕೆ ಹಿಡಿದು ನೋಡಿದರು. ಅಂಕಿ ಬಂತು. ನಡುವೆ ಗೋವಿನಜೋಳ ಅಡ್ಡ ಬಂದರೆ ಮಾತ್ರ ಅದು ಎದುರಿನ ಎಲೆಯ ದೂರವನ್ನೇ ಹೇಳುತ್ತಿತ್ತು. ಮೇಲಾಗಿ ಅಳತೆ ಗಜದಲ್ಲಿ. "ನಮ್ಮ ಕಡೀ ಹಂದಿಗೆ ಗಜ ತಿಳ್ಯಾಂಗಿಲ್ಲ" ಎಂದು ತಿರುಗಿ ಕಳಿಸಿದರು.

ಎರಡನೆಯದು, ತಮ್ಮ ಮುಂದಿನ ಸೂಟಿಗೆ ಬರುವಾಗ ತಂದದ್ದು, ಅಂಗೈಯಲ್ಲಿ ಕೂರುವಂಥದು. ಅದನ್ನೂ ಮೊದಲು ಬನ್ನಿ ಮರಕ್ಕೇ ಹಿಡಿದರು. ಸಾಹೇಬರು ಚೆಂಡು ಹೊಡೆದು ಕುಣಿಯೊಳಗೆ ಹಾಕುವ ಆಟಕ್ಕೆಂದು ಮಾಡಿದ್ದು, ಆ ಕುಣಿ ಎಷ್ಟು ದೂರ ಎಂದು ಹೇಳುತ್ತದೆ ಎಂದು ತಮ್ಮ ವಿವರಿಸಿದ. ಅಜ್ಜ ಅದನ್ನು ಪೆಟ್ಟಿಗೆಯೊಳಗೆ ಇಟ್ಟೇಬಿಟ್ಟರು. "ಕುಣಿ ದೂರ ಐತೋ ಸನೇಕ ಐತೋ, ಅದನ್ನ ಮನಿಷಾ ಯಾಕ ಅಳೀಬೇಕೋ. ಅದು ತಾನ ಬರತೈತಿ" ಎಂದರು. ತಮ್ಮ ನಕ್ಕ. ಹೆಣ ಹೂಳುವ ತಗ್ಗಿಗೂ ನಮ್ಮಲ್ಲಿ ಕುಣಿ ಎಂದೇ ಹೆಸರು; ನಾನು ಒಲೆಯ ಕಡೆ ತಿರುಗಿದೆ.

ಮೂರನೆಯದರಲ್ಲಿ ದೋಷವೇ ಇರಲಿಲ್ಲ. ಹಗುರ, ಅಳತೆ ಮೀಟರಿನಲ್ಲಿ, ಮಬ್ಬುಗತ್ತಲಲ್ಲೂ ಕೆಂಪಗೆ ಹೊಳೆಯುವ ಅಂಕಿ. ಅಜ್ಜ ಅದರಲ್ಲಿ ಕೊರತೆ ಹುಡುಕಿದ ಹಾಗೆ ಯಾವ ಅತ್ತೆಯೂ ಸೊಸೆಯಲ್ಲಿ ಹುಡುಕಿರಲಿಕ್ಕಿಲ್ಲ. ಬನ್ನಿ ಮರವನ್ನು ಅಳೆದರು. ಕೊಟ್ಟಿಗೆಯ ಎಮ್ಮೆಯನ್ನು ಅಳೆದರು. ಬಾವಿಕಟ್ಟೆಯ ಮೇಲಿದ್ದ ನನ್ನನ್ನು ಅಳೆದು, "ಕರದ್ರ ಕೇಳೂವಷ್ಟ ದೂರದಾಗ ಅದಿ, ಕೇಳವಲ್ಲಿ" ಎಂದು ಛೇಡಿಸಿದರು. ಯರಗಟ್ಟಿ ಬಸ್ಸಿನಿಂದ ಇಳಿದ ಬೀಗರನ್ನು ಅಟ್ಟಣಿಗೆಯಿಂದಲೇ ಅಳೆದು, "ಅಕ್ಕಿ ಹಾಕು, ಬರಾಕ ಹತ್ಯಾರ" ಎಂದು ಕೂಗಿದರು. ಆ ಯಂತ್ರದಿಂದ ನನಗಾದ ಉಪಕಾರ ಅದೊಂದೇ! ಸೆಲ್ಲು ತೀರಿತು, ಇನ್ನು ಪಾರಾದೆವೆಂದು ಸಂತೋಷದಿಂದ ಸಾರಿದರು. ದಸ್ತಗೀರಸಾಬ ರಾಮದುರ್ಗದಿಂದ ಸೆಲ್ಲು ತಂದು ಕೈಗಿಟ್ಟ. ಕಡೆಗೆ, "ಇರಲಿ ಬಿಡು" ಎಂದು ಒಪ್ಪಿದರು. ಸೋತವರ ದನಿ ಅದು.

ಅಷ್ಟರಲ್ಲಿ ಮತ್ತೆ ಸುಗ್ಗಿ ಬಂತು. ಹೊಲ ಹಾಳು ಮಾಡುವ ಹಂದಿಗೆ ಗುಂಡು ಹಾಕಲು ಅರಣ್ಯದವರ ಒಪ್ಪಿಗೆಯೂ ಬಂತು. ಅಜ್ಜ ಅಟ್ಟಣಿಗೆ ಹತ್ತುವಾಗ ಕೆಳಗೆ ದಸ್ತಗೀರಸಾಬ ಸಾಕ್ಷಿಗೆಂದು ಕೂರತೊಡಗಿದ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬುತ್ತಿ ತೆಗೆದುಕೊಂಡು ಹೋದೆ. ಅಟ್ಟಣಿಗೆ ಹತ್ತಿ ಅದನ್ನು ಇಡುವಷ್ಟರಲ್ಲಿ ಅಜ್ಜ ಸುಮ್ಮನಿರೆಂದು ಕೈ ಮಾಡಿದರು. ಬನ್ನಿ ಮರದ ಬುಡಕ್ಕೆ ಒಂದು ಮುದಿ ಹಂದಿ ಬಂದು ನಿಂತು ಬೊಡ್ಡೆಗೆ ಮೈ ತಿಕ್ಕುತ್ತಿತ್ತು. ಗಾಳಿ ನಮ್ಮ ಕಡೆಗಿತ್ತು, ಅದಕ್ಕೆ ನಮ್ಮ ಸುಳಿವೇ ಇರಲಿಲ್ಲ.

ಮಕ್ಕಳೇ, ಆ ಮರದ ಮಾತು ನಿಮ್ಮಪ್ಪನಿಗೂ ಸರಿಯಾಗಿ ಗೊತ್ತಿಲ್ಲ. ನಿಮ್ಮಪ್ಪನಿಗಿಂತ ಮೊದಲು ನಮಗೊಂದು ಗಂಡುಮಗು ಆಗಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಜ್ವರ ಬಂದು ಹೋಯಿತು. ಆ ಮರದ ಕೆಳಗೆ ಮಣ್ಣು ಮಾಡಿದೆವು. ಅಜ್ಜ ಸಲಿಕೆ ಹಿಡಿದು ನಿಂತೇ ಇದ್ದರಂತೆ, ಕೈ ಏಳಲಿಲ್ಲವಂತೆ. ದಸ್ತಗೀರಸಾಬ ಸಲಿಕೆ ಇಸಿದುಕೊಂಡು ತಾನೇ ತೋಡಿದನಂತೆ. ಅಂದಿನಿಂದ ಅಜ್ಜ ಬಂದೂಕು ಒರೆಸಿದರು, ಎಣ್ಣೆ ಹಾಕಿದರು, ಒಂದು ಜೀವದ ಕಡೆಗೂ ಅದರ ಕುದುರೆ ಒತ್ತಲಿಲ್ಲ.

"ಎಷ್ಟ ಐತ್ರಿ ಗೌಡ್ರ?" ಕೆಳಗಿನಿಂದ ದಸ್ತಗೀರಸಾಬ ಮೆಲ್ಲಗೆ ಕೇಳಿದ.

ಅಜ್ಜ ಕಣ್ಣಿಗೆ ಹಿಡಿದರು. ಗುಂಡಿ ಒತ್ತಿದರು. ನೆಪ ಹೇಳಿ ಬದುಕಿದ ಮನುಷ್ಯನಿಗೆ ಯಂತ್ರದ ಅಂಕಿಯ ಮುಂದೆ ಸುಳ್ಳು ಹೇಳಲಾಗಲಿಲ್ಲ. ಅದನ್ನು ನನ್ನ ಕೈಗಿಟ್ಟು, "ನೀ ನೋಡಿ ಹೇಳು" ಎಂದರು.

ಪರಗಂಡಸರ ಮುಂದೆ ನಾನು ದನಿ ಎತ್ತಿದವಳಲ್ಲ. ನೋಡಿದೆ. ನಾಲ್ಕನೇ ಇಯತ್ತೆ ಕಲಿತವಳಿಗೂ ಓದಲು ಬರುವಂಥ ಅಂಕಿ. ಮೂವತ್ತೊಂದು.

"ದೂರ ಐತಿ" ಎಂದೆ.

ಆ ಹಂದಿಯ ಬೆನ್ನಿನ ಕೂದಲು ಎಣಿಸುವಷ್ಟು ಹತ್ತಿರದಲ್ಲಿ ಕುಳಿತಿದ್ದವನು ದಸ್ತಗೀರಸಾಬ. ಒಮ್ಮೆ ಮರ ನೋಡಿದ, ಒಮ್ಮೆ ಮೇಲೆ ನೋಡಿದ.

"ಅಕ್ಕಾರ ಅಂದ ಮ್ಯಾಲ ಮುಗೀತು. ಭಾಳ ದೂರ ಐತಿ" ಎಂದವನೇ ಎದ್ದು ಖಾಲಿ ಡಬ್ಬಿ ಬಡಿದು ಹಂದಿಯನ್ನು ಗುಡ್ಡಕ್ಕೆ ಅಟ್ಟಿದ. ಆಮೇಲೆ ಅವನು ಲೈಸನ್ಸಿನ ಮಾತು ಎತ್ತಲಿಲ್ಲ. ಮುಂದಿನ ಸಲ ಅದರ ಮುದ್ದತು ತೀರಿದಾಗ ಅಜ್ಜ ತಾವೇ ಬಂದೂಕನ್ನು ಸ್ಟೇಶನ್ನಿಗೆ ಕೊಟ್ಟು ಬಂದರು. ಬಂದು ಕಾಲು ತೊಳೆದುಕೊಂಡು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ದುರ್ಬೀನು ಮಾತ್ರ ಗೋಡೆಯ ಅದೇ ಗೂಟಕ್ಕೆ ನೇತಾಡಿತು. ಬಂದೂಕಿಲ್ಲದ ಬೇಟೆಗಾರರು ಅದನ್ನು ಕೊರಳಿಗೆ ಹಾಕಿಕೊಂಡು ಅಟ್ಟಣಿಗೆ ಹತ್ತುವುದನ್ನು ಬಿಡಲಿಲ್ಲ. ಹಂದಿಗಳು ನಿಶ್ಚಿಂತೆಯಾಗಿ ಉಂಡವು.

ಕೊನೆಯ ವರ್ಷ ಉಬ್ಬಸ ಹೆಚ್ಚಾಗಿ ಹಾಸಿಗೆ ಹಿಡಿದಾಗ ಮಂಚವನ್ನು ಪಡಸಾಲೆಗೆ ತರಿಸಿಕೊಂಡರು. ಅಲ್ಲಿಂದ ಹೊಲದ ಮೂಲೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ದುರ್ಬೀನು ಬೇಡಿದರು. ಎತ್ತಿ ಕಣ್ಣಿಗೆ ಹಿಡಿಯಲಾಗಲಿಲ್ಲ. ಮತ್ತೆ ನನ್ನ ಕೈಗೇ ಇಟ್ಟರು.

"ಮರಾ ನೋಡು. ಎಷ್ಟ ಐತಿ?"

ಕಣ್ಣಿಗೆ ಹಿಡಿದು ಗುಂಡಿ ಒತ್ತಿದೆ. ಅಂಕಿ ಮೂಡಲಿಲ್ಲ. ಸೆಲ್ಲು ಯಾವಾಗಲೋ ತೀರಿತ್ತು. ಒಳಗೆ ಬನ್ನಿ ಮರವಷ್ಟೇ ಇತ್ತು, ಅದರ ಕೆಳಗೆ ಬಿಸಿಲು ಇತ್ತು.

"ಸನೇಕ ಐತ್ರಿ" ಎಂದೆ.

ಜೀವಮಾನವೆಲ್ಲ ದೂರ ದೂರ ಎಂದವರು ಈ ಸಲ ವಾದಿಸಲಿಲ್ಲ. "ಹೌದಲ್ಲ" ಎಂದು ಕಣ್ಣು ಮುಚ್ಚಿಕೊಂಡರು. ಆ ವಾರವೇ ಹೋದರು. ಮರದ ಕೆಳಗೆ, ಮಗನ ಮಗ್ಗುಲಲ್ಲಿ ಜಾಗ ತೋರಿಸಿದವನು ದಸ್ತಗೀರಸಾಬ. ಮೊದಲ ಸಲಿಕೆ ಮಣ್ಣು ತೆಗೆದವನೂ ಅವನೇ.

ಗೌರಿ, ಮಲ್ಲು, ದುರ್ಬೀನು ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರ ಚೀಲದೊಳಗೇ ಮಡಚಿ ಇಡುತ್ತೇನೆ. ನಾನಿಲ್ಲದಾಗ ಎರಡನ್ನೂ ಅಗಲಿಸದೆ ಜೋಪಾನ ಮಾಡಿರಿ. ಸೆಲ್ಲು ಹಾಕಬೇಡಿ. ನನಗೆ ಆ ಮರ ಎಷ್ಟು ದೂರವಿದೆಯೆಂದು ಯಾರೂ ಅಳೆಯುವುದು ಬೇಡ.