ಮೀಸೆ ಬಂದ ವರ್ಷ

ಹುಟ್ಟಿದಾಗ ನನ್ನನ್ನು ಹೆಣ್ಣು ಅಂತ ಬರೆಸಿದರು. ನಾನು ಗಂಡು ಅಂತ ಬುದ್ಧಿ ಬಂದಾಗಿನಿಂದ ನನಗೆ ಗೊತ್ತಿತ್ತು. ಇಪ್ಪತ್ತೇಳಕ್ಕೆ ಹಾರ್ಮೋನ್ ಚಿಕಿತ್ಸೆ ಶುರು ಮಾಡಿದೆ. ಕಷ್ಟ ಬರುತ್ತೆ ಅಂತ ಎಲ್ಲರೂ ಎಚ್ಚರಿಸಿದ್ದರು. ಇಷ್ಟು ನಗು ಬರುತ್ತೆ ಅಂತ ಒಬ್ಬರೂ ಹೇಳಿರಲಿಲ್ಲ. ಏನಾದರೊಂದು ಆಗುತ್ತಲೇ ಇರುತ್ತೆ.

೧. ಮೇಡಂ ಎಲ್ಲಿ?

ಹುಣಸೂರಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡೋ ಅಂಗಡಿಯಲ್ಲಿ ನನಗೆ ಕೆಲಸ. ಫೋನ್ ಎತ್ತೋದೂ ನಾನೇ. ಇಂಜೆಕ್ಷನ್ ಶುರುವಾಗಿ ಮೂರ್ನಾಲ್ಕು ತಿಂಗಳಿಗೆ ದನಿ ಒಡೆಯಿತು. ಕೆ.ಆರ್. ನಗರದ ರೈತರೊಬ್ಬರು ಫೋನ್ ಮಾಡಿ ಮೇಡಂಗೆ ಕೊಡಿ ಅಂದರು. ನಾನೇ ಅಂದೆ. ತಮಾಷೆ ಬೇಡ ಅಂದರು. ಮೋಟಾರ್ ಇನ್ನೆರಡು ದಿನ ತಡ ಅಂದಾಗಂತೂ ಅವರಿಗೆ ರೇಗಿಯೇ ಹೋಯಿತು.

"ಮೇಡಂ ಇದ್ದಾಗ ಯೋಳಿದ್ ದಿನಕ್ಕೆ ಕೊಡೋರು ಕಣ್ರೀ. ನಿಮ್ಮನ್ನ ಯಾರು ಕೆಲಸಕ್ಕೆ ಸೇರಿಸ್ಕಂಡಿದ್ದು?"

ಅಂಗಡಿ ಮಾಲೀಕರಾದ ಭಾಯ್‌ಗೆ ಇದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡು, ರೈತರ ದೂರು ನ್ಯಾಯವಾಗಿದೆ ಅಂದರು.

೨. ಬೋಳುತಲೆ

ಪಿರಿಯಾಪಟ್ಟಣದ ಕ್ಲಿನಿಕ್ಕಲ್ಲಿ ಪಕ್ಕ ಕೂತಿದ್ದ ಯಜಮಾನರ ತಲೆ ಪೂರ್ತಿ ಬೋಳು. ಯಾವ ಇಂಜೆಕ್ಷನ್ನಪ್ಪ ಅಂದರು. ಗಡ್ಡ ಮೀಸೆ ಬರೋಕೆ ಅಂದೆ. ಸಿಸ್ಟರ್ ಬಂದ ಕೂಡಲೇ ತಮ್ಮ ತಲೆಗೂ ಒಂದು ಚುಚ್ಚಿ ಅಂತ ಕೇಳಿದರು. ಇದು ಗಂಡಸರ ಹಾರ್ಮೋನು, ಮುಖದಲ್ಲಿ ಕೂದಲು ಬರಿಸುತ್ತೆ, ಕೆಲವರಿಗೆ ತಲೆಯದನ್ನು ಉದುರಿಸುತ್ತೆ ಅಂತ ಸಿಸ್ಟರ್ ತಾಳ್ಮೆಯಿಂದ ವಿವರಿಸಿದರು.

ಯಜಮಾನರು ತಲೆ ಸವರಿಕೊಂಡರು. "ಅಂಗಾರೆ ಬುಡವ್ವ, ನಂಗೆ ದೇವ್ರೇ ಡೋಸ್ ಜಾಸ್ತಿ ಮಾಡವ್ನೆ."

೩. ಬನಿಯನ್

ಎದೆಯ ಆಪರೇಷನ್ ಮೈಸೂರಲ್ಲಾಯಿತು. ಹೊಗೆಸೊಪ್ಪಿನ ಕೆಲಸ ಬಿಟ್ಟು ಅಪ್ಪ ಜೊತೆಗೆ ಬಂದಿದ್ದರು. ವಾರದ ಮೇಲೆ ಡಾಕ್ಟರು ಪಟ್ಟಿ ಬಿಚ್ಚಿದಾಗ ಚಪ್ಪಟೆಯಾದ ನನ್ನೆದೆ ನೋಡಿ ನಾನು ಖುಷಿಗೆ ಅತ್ತುಬಿಟ್ಟೆ. ಅಪ್ಪ ಎದ್ದು ಹೊರಗೆ ಹೋದರು. ಅವರಿಗೆ ನೋಡೋಕಾಗಲಿಲ್ಲವೇನೋ ಅಂದುಕೊಂಡು ಮನಸ್ಸು ಮುದುಡಿತು.

ಅರ್ಧ ಗಂಟೆಗೆ ಹೊಸ ಬನಿಯನ್ ಹಿಡಿದು ವಾಪಸ್ ಬಂದರು. ಸಿಸ್ಟರ್ ಅದನ್ನು ನನ್ನ ಮೇಲೆ ಹಿಡಿದು ನೋಡಿದರು. ನಾನೂ ಅಪ್ಪನೂ ಒಟ್ಟಿಗೆ ತೂರುವಷ್ಟು ಜಾಗ ಅದರಲ್ಲಿತ್ತು. ತುಂಬಾ ದೊಡ್ಡದಾಯಿತಲ್ಲ ಯಜಮಾನ್ರೇ ಅಂದರು. ನನಗಾಗ ಇಪ್ಪತ್ತೆಂಟು ವರ್ಷ.

"ಇರ್ಲಿ ಬುಡಿ," ಅಂದರು ಅಪ್ಪ. "ಬೆಳೆಯೋ ಹುಡ್ಗ."

೪. ಅಜ್ಜಿಯ ಎದೆ

ಅಪ್ಪನ ತಾಯಿ ಎಚ್.ಡಿ. ಕೋಟೆಯಲ್ಲಿ ನನ್ನ ಸೋದರತ್ತೆ ಮನೆಯಲ್ಲಿದ್ದಾರೆ. ಈ ವಿಷಯ ಗೊತ್ತಾದರೆ ಅಜ್ಜಿ ಎದೆಯೊಡೆದುಕೊಳ್ಳುತ್ತೆ, ಯಾರೂ ಬಾಯಿ ಬಿಡಬೇಡಿ ಅಂತ ಅಪ್ಪನ ಕಟ್ಟಪ್ಪಣೆ. ಒಂದು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ನನ್ನನ್ನು ನೋಡಲೇಬೇಕು ಅಂತ ಅಜ್ಜಿ ಅನ್ನ ಬಿಟ್ಟು ಕೂತಾಗ ಹೋಗಲೇಬೇಕಾಯಿತು. ಮೀಸೆ ಕಾಣದ ಹಾಗೆ ಅಪ್ಪ ನನಗೆ ಮಾಸ್ಕ್ ಹಾಕಿಸಿದರು. ದನಿಗೆ ಶೀತ ಅಂತ ನೆವ.

ಅಜ್ಜಿ ಎಲೆಅಡಿಕೆ ತರೋಕೆ ಅಂತ ಅಪ್ಪನನ್ನು ಅಂಗಡಿಗೆ ಅಟ್ಟಿದರು. ಆಮೇಲೆ ಹತ್ತಿರ ಕರೆದು ನನ್ನ ಮಾಸ್ಕ್ ಕೆಳಗೆಳೆದರು. ಅಜ್ಜಿ ಮೀಸೆ ಮೇಲೆ ಬೆರಳಾಡಿಸಿ, ತಾತನದೂ ಹೀಗೇ ಒಂದು ಕಡೆ ತೆಳ್ಳಗಿತ್ತು ಅಂದರು. ನೀನು ಲಂಗ ಕಿತ್ತೆಸೆದು ಅಣ್ಣನ ಚಡ್ಡಿ ಹಾಕ್ಕೊಂಡು ಓಡಿದ ದಿನಾನೇ ನಂಗೆ ಗೊತ್ತಾಗಿತ್ತು ಅಂದರು. ನಾನು ಮೂಗೊರೆಸಿಕೊಂಡೆ, ಈ ಸಲ ನಿಜವಾಗಿಯೂ.

ಹೊರಗೆ ಅಪ್ಪನ ಚಪ್ಪಲಿ ಸದ್ದಾಯಿತು. ಅಜ್ಜಿ ಗಡಿಬಿಡಿಯಲ್ಲಿ ಮಾಸ್ಕ್ ಮೇಲೇರಿಸಿ, ಕಿವಿಯಲ್ಲಿ ಪಿಸುಗುಟ್ಟಿದರು.

"ನಿಮ್ಮಪ್ಪಂಗೆ ಮಾತ್ರ ಯೋಳ್ಬ್ಯಾಡ ಕಣ್ಲಾ ಮಗ. ಅವನ್ ಎದೆ ತಡ್ಕಳಕ್ಕಿಲ್ಲ."